ಖಾಲಿ ಓಡಿದ ಗಿರಣಿ

ಅವರ ಕಣ್ಣರೆಪ್ಪೆಗಳ ಮೇಲೆ ಸದಾ ಹಿಟ್ಟು ಕೂತಿರುತ್ತಿತ್ತು. ರೆಪ್ಪೆ ಬಡಿದಾಗ ಒಂದಿಷ್ಟು ಕೆನ್ನೆಗೆ ಉದುರುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ನೆನೆದಾಗಲೆಲ್ಲ ಅವರು ಬಿಳಿ ಸೀರೆಯಲ್ಲಿ ಕಾಣುತ್ತಾರೆ, ಆದರೆ ಅದು ಸುಳ್ಳು. ಅವರು ಉಡುತ್ತಿದ್ದದ್ದು ಕಡುನೀಲಿ ಇಳಕಲ್ ಸೀರೆ. ಆಮೇಲೆ ನಡೆದದ್ದಕ್ಕೆ ಹೊಂದಲೆಂದು ನನ್ನ ನೆನಪು ಅವರಿಗೆ ಬಿಳಿ ಉಡಿಸಿದೆ.

ಪುಣೆ ಪಕ್ಕದ ಭೋಸರಿಯ ಗಲ್ಲಿಯೊಂದರಲ್ಲಿ ಅವರ ಹಿಟ್ಟಿನ ಗಿರಣಿ. ಅದರ ಮೇಲಿನ ಖೋಲಿಯಲ್ಲಿ ಬಾಡಿಗೆಗೆ ನಾನು. ತೊಂಬತ್ತರ ದಶಕದ ನಡುವಿನ ಮಾತು. ಅವರು ವಿಜಾಪುರದ ಕಡೆಯವರು. ಗಂಡ ಫ್ಯಾಕ್ಟರಿಯಲ್ಲಿ ಸತ್ತ ಮೇಲೆ ಗಿರಣಿ ಹಾಕಿ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದ್ದರು. ಗಲ್ಲಿಯ ಮರಾಠಿ ಹೆಂಗಸರಿಗೂ ನನಗೂ ಅವರು ಗಿರಣಿ ಕಾಕು, ಗಿರಣಿ ಚಿಕ್ಕಮ್ಮ. ಹಿಟ್ಟು ಬೀಳುತ್ತಿದ್ದಂತೆ ಒಂದು ಚಿಟಿಕೆ ತೆಗೆದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ನೋಡುವರು. ಡಬ್ಬಿ ಒಯ್ಯುವವರಿಗೆ ಒಂದೇ ಮಾತು: “ಬಿಸಿ ಹಿಟ್ಟಿನ ಡಬ್ಬಿ ಮುಚ್ಚಬ್ಯಾಡ್ರಿ, ಬೆವರತದ. ಮೊದಲ ಆರಲಿ.” ಇನ್ನೊಂದು ಮಾತು ಗಿರಣಿಗೆ ಕೈಹಾಕಿದ ಯಾರಿಗಾದರೂ ಬೈಗುಳವಾಗಿ ಬರುತ್ತಿತ್ತು: “ಕಾಳು ಹಾಕದ ಓಡಿಸಬ್ಯಾಡ್ರೋ. ಕಲ್ಲು ಕಲ್ಲನ್ನ ತಿಂತದ.”

ಹಿರಿಮಗ ವೆಲ್ಡರ್. ಅರಬ್ ದೇಶವೊಂದಕ್ಕೆ ಹೋಗಿದ್ದ. ನಾನು ಬಂದ ಮರುವರ್ಷ ಅಲ್ಲಿ ಕೊಲೆಯಾದ. ಕೊಂದವನು ಅದೇ ಖೋಲಿಯಲ್ಲಿ ಮಲಗುತ್ತಿದ್ದ ಆಂಧ್ರದ ಹುಡುಗ. ಜಗಳ ಕೂಲರಿನ ಗಾಳಿ ಯಾರ ಕಡೆ ತಿರುಗಬೇಕು ಎಂಬುದಕ್ಕೆ ಎಂದರು. ಕಾಕು ಅತ್ತದ್ದು ನಾನು ನೋಡಿಲ್ಲ. ಗಿರಣಿ ನಾಲ್ಕು ದಿನವೋ ಐದು ದಿನವೋ ಮುಚ್ಚಿತ್ತು, ಮತ್ತೆ ತೆರೆಯಿತು.

ಆಮೇಲೆ ಒಬ್ಬ ಸರ್ಕಾರಿ ಅಧಿಕಾರಿ ಬಂದು ಆ ದೇಶದ ಕಾನೂನು ಹೇಳಿದ. ಕೊಂದವನ ತಲೆ ಕಡಿಯುತ್ತಾರೆ. ಸತ್ತವನ ತಾಯಿ ಕ್ಷಮಿಸಿದರೆ ಬಿಡುತ್ತಾರೆ. ಅವಳು ಏನೂ ಹೇಳದಿದ್ದರೆ ಕಾಯುತ್ತಾರೆ. ಅವಳ ನಂತರ ಆ ಮಾತು ಹೇಳುವ ಹಕ್ಕು ಸತ್ತವನ ತಮ್ಮನಿಗೆ ಹೋಗುತ್ತದೆ.

ಆಗ ನಾವು ಏಳೆಂಟು ಜನ ಸೇರಿ, ಇಂಥ ಶಿಕ್ಷೆಗಳನ್ನು ಎಲ್ಲ ದೇಶಗಳಲ್ಲೂ ನಿಷೇಧಿಸಬೇಕೆಂದು ಜಿನೀವಾದ ವಿಶ್ವಸಂಸ್ಥೆ ಕಚೇರಿಗೆ ಮನವಿ ಬರೆಯುತ್ತಿದ್ದೆವು. ನಮ್ಮ ಗುಂಪಿನ ಹಿರಿಯಳು ಒಬ್ಬ ಮರಾಠಿ ವಕೀಲೆ. ಒಂದು ಗುರುವಾರ, ಲೈಟ್ ಇರದೆ ಗಿರಣಿ ನಿಂತಿದ್ದಾಗ, ಅವಳನ್ನು ಕಾಕುವಿನ ಬಳಿ ಕರೆತಂದೆ.

“ಮಾವಶಿ, ಒಂದು ದೇಶದ ಪದ್ಧತಿ ಅಂತ ತಲೆ ಕಡಿಯುವುದನ್ನು ಜಗತ್ತು ನೋಡುತ್ತ ಕೂರಬಾರದು” ಎಂದು ವಕೀಲೆ ಮರಾಠಿಯಲ್ಲಿ ಹೇಳಿದಳು. “ಅದನ್ನು ನಿಲ್ಲಿಸಲು ನಿಮ್ಮಂಥವರ ದನಿ ಬೇಕು.”

ಕಾಕುವಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಆದರೂ ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದರು. “ಇಲ್ಲೆ ನಮ್ಮ ದೇಶದಾಗೂ ಗಲ್ಲಿಗೆ ಹಾಕೂದಿಲ್ಲೇನು? ಕೇಳು ಆಕಿನ್ನ.”

ಮರಾಠಿಗೆ ತಿರುಗಿಸಿ ಕೇಳಿದೆ. ನಾವು ಅದನ್ನೂ ವಿರೋಧಿಸುತ್ತೇವೆ ಎಂದಳು ವಕೀಲೆ.

“ಹಾಕೂಮುಂದ ಸತ್ತವನ ತಾಯಿನ್ನ ಕೇಳ್ತಾರೇನು?”

ಇಲ್ಲ, ಅದು ಸರ್ಕಾರಕ್ಕೂ ಆರೋಪಿಗೂ ಸಂಬಂಧಿಸಿದ್ದು ಎಂದಳು.

“ನೋಡು ಮತ್ತ. ಗಂಡ ಸತ್ತಾಗ ಫ್ಯಾಕ್ಟರಿಯವರು ನನ್ನ ಏನೂ ಕೇಳಲಿಲ್ಲ. ಅರಬಸ್ತಾನಕ್ಕ ಹೋಗೂಮುಂದ ಮಗಾನೂ ಕೇಳಲಿಲ್ಲ. ಈ ಕತ್ತಿಯವರು ಕೇಳ್ಯಾರ.”

“ಅಂದರೆ ಕಡಿಯಲಿ ಅಂತೀರಾ?” ಎಂದಳು ವಕೀಲೆ.

“ನಾ ಎಲ್ಲಿ ಅಂದೆ? ಚಹಾ ಕುಡಿಯಾಕ ಹೇಳು ಆಕಿಗೆ. ಅದು ಭಾಳ ಲಗೂ ಆರತದ.”

ಗಿರಣಿಯಿಂದ ಹೊರಗೆ ಬರುತ್ತ ವಕೀಲೆ, “ನಿನ್ನ ಕಾಕು ಬಹಳ ಗಟ್ಟಿ” ಎಂದಳು. ಗಟ್ಟಿತನ ಎಂದು ನನಗೆ ಅನ್ನಿಸಲಿಲ್ಲ. ಮರಗಟ್ಟಿದ ಕಾಲಿನ ಮೇಲೆ ನಿಲ್ಲುವವರು ಹಾಗೆ ನೆಟ್ಟಗೆ ನಿಲ್ಲುತ್ತಾರೆ.

ಅದಾದ ಎಷ್ಟೋ ತಿಂಗಳಿಗೆ ಕೊಂದವನ ತಾಯಿ ಬಂದಳು. ನಾನು ಹಿಟ್ಟು ಒಯ್ಯಲು ಇಳಿದಿದ್ದೆ. ಡಬ್ಬಿಗಳ ಸಾಲಿನ ಪಕ್ಕ ಬೆಂಚಿನ ಮೇಲೆ ಕೂತಿದ್ದ ಅವಳನ್ನು ಗಿರಾಕಿ ಎಂದುಕೊಂಡು ಕಾಕು ಕೇಳಿದರು: “ಏನ್ರಿ, ಜ್ವಾಳನೋ, ಗೋದಿನೋ?” ಅವಳು ತೆಲುಗಿನಲ್ಲಿ ಏನೋ ಹೇಳಿ, ಸೆರಗಿನ ಗಂಟು ಬಿಚ್ಚಿ ಒಂದು ಚಿಕ್ಕ ಫೋಟೋ ತೆಗೆದು ಕೊಟ್ಟಳು. ಮೀಸೆ ಇನ್ನೂ ಸರಿಯಾಗಿ ಬಾರದ ಹುಡುಗ. ಕಾಕು ಅದನ್ನು ನೋಡಿದರು, ಬೆಂಚಿನ ಮೇಲಿಟ್ಟರು, ಹೋಗಿ ಗಿರಣಿಯ ಸ್ವಿಚ್ ಹಾಕಿದರು.

ಮೇಲೆ ಕಾಳಿರಲಿಲ್ಲ. ಗಿರಣಿ ಖಾಲಿ ಓಡಿತು. ಕಲ್ಲು ಕಲ್ಲಿಗೆ ಉಜ್ಜುವ ಆ ಸದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಆ ತಾಯಿ ಮಾತಾಡುತ್ತಲೇ ಇದ್ದಳು. ಬಾಯಿ ಆಡುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಕಾಕು ಅವಳ ಬಾಯನ್ನೇ ನೋಡುತ್ತ ನಿಂತಿದ್ದರು. ಸುಟ್ಟ ಕಲ್ಲಿನ ವಾಸನೆ ಗಲ್ಲಿಯ ತನಕ ಹೋಯಿತು. ಕೊನೆಗೆ ಅವಳು ಫೋಟೋ ಎತ್ತಿಕೊಂಡು, ಕೈಮುಗಿದು ಹೊರಟಳು. ಆಮೇಲೆ ಕಾಕು ಸ್ವಿಚ್ ತೆಗೆದರು.

“ಏನಂದಳು?” ಎಂದು ನನ್ನನ್ನು ಕೇಳಿದರು.

“ಕೇಳಲಿಲ್ಲ ಕಾಕು.”

“ಛಲೋ ಆತು” ಎಂದರು. ಗಿರಣಿಯ ಕಡೆ ತಿರುಗಿ, “ಕಲ್ಲು ಹಾಳಾತು. ನಾಳೆ ಕೆತ್ತಿಸಬೇಕು.”

ಕ್ಷಮಿಸುವುದಕ್ಕೆ ಅವರು ಹೌದೆನ್ನಲಿಲ್ಲ, ಬೇಡವೆನ್ನಲಿಲ್ಲ. ಅಧಿಕಾರಿ ವರ್ಷಕ್ಕೊಮ್ಮೆ ವಿಚಾರಿಸುವನು. “ಇನ್ನಾ ಆರಿಲ್ರಿ” ಎನ್ನುವರು. ಹತ್ತು ವರ್ಷದ ಹತ್ತಿರ ಹೀಗೆ ಹೋಯಿತು. ಅವರ ಮೌನದಿಂದ ಆ ಹುಡುಗ ಜೀವಂತ ಉಳಿದಿದ್ದ, ಅದೇ ಮೌನದಿಂದ ಜೈಲಿನಲ್ಲೂ ಇದ್ದ. ಅದು ದಯೆಯೋ ಶಿಕ್ಷೆಯೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳಿದ್ದರೂ ಅವರಿಗೆ ಉತ್ತರ ಗೊತ್ತಿತ್ತೆಂದು ಈಗ ಬರೆಯಲಾರೆ.

ಆಮೇಲೆ ಅವರ ಎದೆ ಕೆಟ್ಟಿತು. ಇಷ್ಟು ವರ್ಷ ನುಂಗಿದ ಹಿಟ್ಟಿನ ಧೂಳು ಎಂದರು ಡಾಕ್ಟರು. ಬಹಳ ದಿನವಿಲ್ಲ ಎಂದು ತಿಳಿದಾಗ ಕಾಕು ತಾವಾಗಿಯೇ ವಕೀಲೆಯನ್ನೂ ಅಧಿಕಾರಿಯನ್ನೂ ಕರೆಸಿದರು. ಚಾಕಣದಲ್ಲಿ ಕೆಲಸಕ್ಕಿದ್ದ ಕಿರಿಮಗ ಬಾಗಿಲಲ್ಲಿ ನಿಂತಿದ್ದ. ತಲೆಗೆ ತಲೆಯೇ ಆಗಬೇಕು ಎಂದು ಅವನು ಗಲ್ಲಿಯಲ್ಲೆಲ್ಲ ಹೇಳಿಕೊಂಡು ಬಂದವನು.

“ಅವ್ವಾ, ಸಹಿ ಮಾಡಬ್ಯಾಡ. ಅಣ್ಣನ ರಕ್ತ ಅದು.”

“ನನ್ನ ರಕ್ತನೂ ಹೌದಲ್ಲೋ” ಎಂದರು. ಉಸಿರು ಎಳೆದುಕೊಂಡು ಮುಂದುವರಿಸಿದರು. “ನಾ ಹ್ವಾದಮ್ಯಾಲೆ ಅವರು ನಿನ್ನ ಕೇಳ್ತಾರ. ನೀ ಏನಂತೀ ಅಂತ ನನಗ ಗೊತ್ತದ. ಕಡೀರಿ ಅಂದಮ್ಯಾಲೆ ಮಲಗಾಕ ಆಗಂಗಿಲ್ಲ ನಿನಗ. ಆ ಕತ್ತಿ ನಿನ್ನ ಕೈಯಾಗ ಇಟ್ಟು ಹೋಗಂಗಿಲ್ಲ ನಾ.”

ಅಧಿಕಾರಿಯ ಕಾಗದವನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ. ನನ್ನ ಮಗನನ್ನು ಕೊಂದವನನ್ನು ನಾನು ಮನಸಾರೆ ಕ್ಷಮಿಸಿದ್ದೇನೆ, ಎಂದಿತ್ತು.

“ಅದನ್ನ ತಗೀರಿ. ನಾ ಕ್ಷಮಾ ಮಾಡಿಲ್ಲ. ಕೊಲ್ಲಬ್ಯಾಡ್ರಿ ಅಂತ ಬರೀರಿ. ಅಷ್ಟ.”

ಆ ದೇಶದ ಕೋರ್ಟಿಗೆ ಆ ಶಬ್ದ ಬೇಕೇ ಬೇಕು, ಇಲ್ಲದಿದ್ದರೆ ಕಾಗದ ನಡೆಯುವುದಿಲ್ಲ ಎಂದ ಅಧಿಕಾರಿ. ಕಾಕು ಕಾಗದದ ಅಂಚನ್ನು ಬೆರಳುಗಳ ನಡುವೆ ಹಿಟ್ಟಿನಂತೆ ತಿಕ್ಕಿದರು.

“ಅವರಿಗೆ ಬೇಕಾದ್ದು ಅವರು ಬರಕೊಳ್ಳಲಿ” ಎಂದರು. ನನ್ನ ಕಡೆ ತಿರುಗಿ, “ನಾ ಅಂದದ್ದು ನೀ ನೆನಪಿಡು ತಮ್ಮಾ” ಎಂದರು. ಕನ್ನಡದಲ್ಲಿ, ನಿಧಾನವಾಗಿ ಸಹಿ ಮಾಡಿದರು.

ಮಳೆಗಾಲ ಮುಗಿಯುವ ಮೊದಲೇ ಹೋದರು. ಆ ಹುಡುಗ ಮುಂದೆ ಬಿಡುಗಡೆಯಾದ ಎಂದು ವಕೀಲೆ ಫೋನಿನಲ್ಲಿ ತಿಳಿಸಿದಳು. ಸರಿ ಎಂದೆ, ಬೇರೇನೂ ಅನ್ನಿಸಲಿಲ್ಲ. ಕಿರಿಮಗನಿಗೆ ಹೇಳಿದಾಗ ಅವನೂ ಸರಿ ಎಂದ.

ಅಂಥ ಶಿಕ್ಷೆಯನ್ನು ಯಾವ ದೇಶದಲ್ಲೂ ಉಳಿಯಗೊಡಬಾರದು ಎಂದು ಈಗಲೂ ನಂಬುತ್ತೇನೆ, ಮನವಿ ಬಂದರೆ ಸಹಿ ಹಾಕುತ್ತೇನೆ. ಆದರೆ ಕತ್ತಿ ಹೋದ ಮೇಲೆ ಕಾಕುವಿನಂಥವರನ್ನು ಯಾರು ಕೇಳಬೇಕು ಎಂಬುದರ ಬಗ್ಗೆ ನಮ್ಮ ಮನವಿಗಳಲ್ಲಿ ಒಂದು ಸಾಲೂ ಇರಲಿಲ್ಲ. ಇವತ್ತಿಗೂ ಆ ಸಾಲು ಹೇಗೆ ಬರೆಯಬೇಕೆಂದು ನನಗೆ ಗೊತ್ತಿಲ್ಲ.

ಸೀರೆಯ ಬಣ್ಣ ತಪ್ಪುತ್ತದೆ. ಗಿರಣಿ ಎಷ್ಟು ಹೊತ್ತು ಖಾಲಿ ಓಡಿತೋ ಹೇಳಲಾರೆ. ನನ್ನ ನೆನಪನ್ನು ನಂಬಿ ಅವರು ಬಿಟ್ಟುಹೋದದ್ದು ಆ ದೇಶದ ಯಾವ ಕಾಗದದಲ್ಲೂ ಇಲ್ಲ. ಅದನ್ನು ಅವರು ಅಂದ ಹಾಗೆಯೇ ಇಲ್ಲಿ ಇಡುತ್ತಿದ್ದೇನೆ. ಕ್ಷಮಾ ಮಾಡಿಲ್ಲ. ಕೊಲ್ಲಬ್ಯಾಡ್ರಿ.