ಮೂರು ಸಾಲಿನ ಮುಯ್ಯಿ

ವಾರವೆಲ್ಲ ಕಲಬುರಗಿಯ ಗಾಜಿಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ, ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುತ್ತೇನೆ. ನನ್ನ ಬಾಯಿ ಜೋರು ಅಂತ ಎರಡೂ ಕಡೆ ಹೆಸರಾಗಿದೆ. ಇರಲಿ. ಒಂದೇ ಪದ ಕ್ರಿಯೆಯಾಗಿ, ಹೆಸರಾಗಿ, ಗುಣವಾಗಿ ರೂಪ ಬದಲಿಸುವುದನ್ನು ಕಲಿಸುವಾಗ ಮಾತ್ರ ನಾನು ಮೆತ್ತಗಾಗುತ್ತೇನೆ, ಅದು ನನಗೇ ಇಷ್ಟದ ಪಾಠ. ಓಡು–ಓಟ, ನೋಡು–ನೋಟ, ಕೂಡು–ಕೂಟ ಅಂತ ಶುರು ಮಾಡುತ್ತೇನೆ. ಇದು ನಮ್ಮ ಮನೆಯಲ್ಲೂ ಇರುವ ಸಾಮಾನೇ, ಇಂಗ್ಲಿಷಿನವರು ಬೇರೆ ಗೂಡಿನಲ್ಲಿ ಇಟ್ಟಿದ್ದಾರೆ ಅಷ್ಟೇ ಎಂದರೆ ಹೆದರಿದವರ ಮುಖ ಸಡಿಲಾಗುತ್ತದೆ.

ಕಮಲಾಪುರದ ಸಮುದಾಯ ಭವನಕ್ಕೆ ಮೂವರು ಹೆಂಗಸರು ಬರುತ್ತಿದ್ದರು. ಒಬ್ಬಳು ಎತ್ತರದಾಕೆ, ಇನ್ನೊಬ್ಬಳು ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಮೂರನೆಯವಳು ಪಕ್ಕದ ಮನೆಯವಳು. ಎತ್ತರದಾಕೆಗೆ ಹತ್ತನೇ ತರಗತಿಯಲ್ಲಿ ಇಂಗ್ಲಿಷ್ ಒಂದೇ ಉಳಿದಿತ್ತು. ಅದೊಂದು ದಾಟಿದರೆ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ವಾರ್ಡಿನ ಕೆಲಸ ಸಿಗುವುದಿತ್ತು. ಇದೇ ಕೊನೆಯ ಸಲ, ಆಮೇಲೆ ಪುಸ್ತಕ ಮುಟ್ಟುವ ಹಾಗಿಲ್ಲ ಎಂದು ಮನೆಯಲ್ಲಿ ಕಟ್ಟಪ್ಪಣೆಯಾಗಿತ್ತು. ಇನ್ನಿಬ್ಬರೂ ಅದೇ ಪರೀಕ್ಷೆಗೆ ಕೂರುವವರೆಂದು ನಾನು ತಿಳಿದಿದ್ದೆ. ಕೇಳುವ ಗೋಜಿಗೂ ಹೋಗಲಿಲ್ಲ.

ಗೋಡೆಗೆ ಕ್ರಿಯೆ, ಹೆಸರು, ಗುಣ ಅಂತ ಮೂರು ಸಾಲಿನ ಪಟ್ಟಿ ಅಂಟಿಸಿದ್ದೆ. ಅವರ ಚುರುಕು ನೋಡಬೇಕಿತ್ತು! ನಾನು ಒಂದು ಪದ ಎತ್ತಿದರೆ ಸಾಕು, ನೆಗೆಣ್ಣಿ ‘ಡಿಸೈಡ್’ ಅನ್ನುವಳು, ಎತ್ತರದಾಕೆ ‘ಡಿಸಿಷನ್’, ಪಕ್ಕದ ಮನೆಯವಳು ‘ಡಿಸೈಸಿವ್’. ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಬೀಳುವ ಹಾಗೆ, ಎಲ್ಲೂ ತಡವರಿಕೆ ಇಲ್ಲ. ಗಾಜಿಪುರದ ಕಾಲೇಜು ಹುಡುಗಿಯರಿಗೆ, ಹೋಗಿ ಅವರ ಕಾಲು ಹಿಡಿದು ಬನ್ನಿ ಎಂದು ಮೂದಲಿಸಿದ್ದೂ ಉಂಟು. ಬೆಳ್ಳಗಿದ್ದುದೆಲ್ಲ ಹಾಲೆಂದು ನಂಬಿದ್ದೆ.

ಪರೀಕ್ಷೆಗೆ ಒಂದು ವಾರವಿತ್ತು. ಎತ್ತರದಾಕೆ ಪ್ರವೇಶಪತ್ರ ತೆಗೆದುಕೊಳ್ಳಲು ಅಣ್ಣನ ಜೊತೆ ಪಟ್ಟಣಕ್ಕೆ ಬಂದವಳು ನಮ್ಮ ಮನೆಗೂ ಬಂದಳು, ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು. ಅಣ್ಣ ಸ್ಟೇಶನ್ ಬಜಾರದಲ್ಲಿ ಕೆಲಸ ಮುಗಿಸಿ ಬರುವ ತನಕ ಕೂತಿರು ಎಂದೆ. ಸುಮ್ಮನೆ ಕೂಡಿಸುವುದೇಕೆ ಅಂತ ನಾಲ್ಕು ಪದ ಕೇಳಿದೆ. ಹೆಸರಿನ ರೂಪ ಪಟಪಟ ಬಂತು. ಗುಣದ ರೂಪ ಕೇಳಿದರೆ ಬಾಯೇ ಬಿಡಲಿಲ್ಲ. ಹೆದರಿದ್ದಾಳೆಂದು ಇನ್ನೊಂದು ಕೇಳಿದೆ.

“ಅದು ನಂದಲ್ರೀ ಟೀಚರ್,” ಅಂದಳು. “ನಂದು ನಡುವಿನ ಸಾಲು.”

ಪಟ್ಟಿಯನ್ನು ಮೂವರೂ ಹಂಚಿಕೊಂಡಿದ್ದರು! ಹೊಲದಲ್ಲಿ ಕಸ ತೆಗೆಯುವಾಗ ಆಳಿಗೊಂದು ಸಾಲು ಹಿಡಿಯುತ್ತಾರಲ್ಲ, ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು. ಪರೀಕ್ಷೆಯಲ್ಲಿ ಅವರಿಬ್ಬರನ್ನೂ ನಿನ್ನ ಆಜೂಬಾಜೂ ಕೂಡಿಸುತ್ತಾರೇನು, ಮೂವರೂ ಕೂಡಿ ಮುಳುಗುತ್ತೀರಿ ಎಂದು ಬೈದೆ. ಅವಳು ತಲೆ ತಗ್ಗಿಸಿಯೇ ಹೇಳಿದಳು.

“ಅವರು ಪರೀಕ್ಷಾ ಕಟ್ಟೇ ಇಲ್ರೀ. ನಂಗ ಒಬ್ಬಾಕಿಗಿ ಮನ್ಯಾಗ ಕಳಸಂಗಿಲ್ಲ ಅಂದ್ರು. ಅದಕ್ಕ ಜೋಡಿ ಬಂದಾರ.”

ಹಾಗಿದ್ದರೆ ಅವರು ಯಾಕೆ ಬಾಯಿಪಾಠ ಮಾಡಬೇಕು ಎಂದು ಕೇಳಿದೆ.

“ಮುಯ್ಯಿ ಅದ ರೀ. ಹೊಲಕ್ಕ ಬಂದವರು ಬದುವಿನ ಮ್ಯಾಲ ಸುಮ್ನ ಕುಂದರ್ತಾರೇನ್ರೀ?”

ಮುಯ್ಯಿ ಅಂದರೆ ಇವತ್ತು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀನು. ಕೂಲಿಯ ಮಾತಿಲ್ಲ. ತಮ್ಮದಲ್ಲದ ಪರೀಕ್ಷೆಗಾಗಿ ಆ ಇಬ್ಬರು ರೊಟ್ಟಿ ಬಡಿಯುತ್ತ, ಬಟ್ಟೆ ಒಗೆಯುತ್ತ ಒಂದೊಂದು ಸಾಲು ಉರುಹೊಡೆದಿದ್ದರು. ನನ್ನ ಸಿಟ್ಟು ಇಳಿದುಹೋಯಿತು, ಆದರೆ ಭಯ ಹಾಗೇ ಉಳಿಯಿತು. ಅವಳಿಗಿದ್ದುದು ಒಂದೇ ವಾರ.

ಮರುದಿನದಿಂದ ಗಾಜಿಪುರದ ಪಾಠ ಬಿಟ್ಟು ದಿನಾ ಕಮಲಾಪುರಕ್ಕೆ ಹೋದೆ. ಸಾಲು ಹಂಚಿಕೊಂಡವರೇ ಅದನ್ನು ಅವಳಿಗೆ ದಾಟಿಸಲಿ ಎಂದು ಅವರಿಗೇ ಬಿಟ್ಟೆ. ಸಂಜೆಯಾದರೆ ನೆಗೆಣ್ಣಿ ತನ್ನ ಸಾಲು ಒಪ್ಪಿಸುವಳು, ಪಕ್ಕದ ಮನೆಯವಳು ತನ್ನದು. ಎತ್ತರದಾಕೆ ನಡುವೆ ಕೂತು ಎರಡೂ ಕಡೆಯಿಂದ ತೆಗೆದುಕೊಳ್ಳುವಳು. ತಪ್ಪಿದರೆ ನೆಗೆಣ್ಣಿ ನನಗಿಂತ ಜೋರಾಗಿ ಗದರುತ್ತಿದ್ದಳು. ನಾನು ವಾರವಿಡೀ ಬಾಯಿ ಮುಚ್ಚಿಕೊಂಡು ಕೂತೆನೆಂದರೆ ನಮ್ಮ ಮನೆಯವರಿಗೆ ನಂಬಿಕೆಯೇ ಬರಲಿಲ್ಲ.

ಪರೀಕ್ಷೆ ಇದ್ದದ್ದು ಶರಣಬಸವೇಶ್ವರ ದೇವಸ್ಥಾನದ ಹತ್ತಿರದ ಶಾಲೆಯಲ್ಲಿ. ಅವಳು ಒಳಗೆ ಹೋದ ಮೇಲೆ ನಾವು ಮೂವರು ಗೇಟಿನಾಚೆ ಬೇವಿನ ನೆರಳಿನಲ್ಲಿ ಕೂತೆವು. ನೆಗೆಣ್ಣಿಯ ತುಟಿ ಅಲುಗುತ್ತಲೇ ಇತ್ತು. ದೇವರನ್ನು ಬೇಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಕಿವಿಗೊಟ್ಟರೆ ತನ್ನ ಸಾಲನ್ನೇ ಹೇಳಿಕೊಳ್ಳುತ್ತಿದ್ದಳು. ನನಗೆ ಅಳು ಬಂತು, ಸೆರಗಿನಿಂದ ಕಣ್ಣೊರೆಸಿಕೊಂಡೆ.

ಎತ್ತರದಾಕೆ ಪಾಸಾದಳು. ಆಸ್ಪತ್ರೆಯ ಕೆಲಸವೂ ಸಿಕ್ಕಿತು. ಇನ್ನು ಕಮಲಾಪುರದಲ್ಲಿ ನನಗೇನು ಕೆಲಸ ಎಂದುಕೊಂಡು, ಗೋಡೆಯ ಪಟ್ಟಿ ಬಿಚ್ಚಿಕೊಂಡು ಬರೋಣವೆಂದು ಮುಂದಿನ ಭಾನುವಾರ ಹೋದೆ. ನೋಡಿದರೆ ಮೂವರೂ ನನಗಿಂತ ಮೊದಲೇ ಬಂದು ಚಾಪೆ ಹಾಸಿಕೊಂಡು ಕೂತಿದ್ದರು. ಈ ಸಲ ನಡುವೆ ಕೂತವಳು ನೆಗೆಣ್ಣಿ.

ರಜೆಯ ದಿನವೂ ನಿನಗೆ ಇದೇ ಬೇಕಾಯಿತೇನೇ ಎಂದು ಎತ್ತರದಾಕೆಯನ್ನು ಛೇಡಿಸಿದೆ. ಅವಳು ನೆಗೆಣ್ಣಿಯ ಹೆಗಲ ಮೇಲೆ ಕೈಯಿಟ್ಟಳು.

“ಈಕಿ ಪರೀಕ್ಷಾ ಕಟ್ಯಾಳ ರೀ ಟೀಚರ್. ಈಗ ಈಕಿ ಹೊಲ.”

ನಾನು ಪಟ್ಟಿಯನ್ನು ಗೋಡೆಯ ಮೇಲೇ ಬಿಟ್ಟು ಪಾಠಕ್ಕೆ ಕೂತೆ.