ಕೆರೆಯಂಗಳದ ಮೊಟ್ಟೆಗಳು

ಎಪ್ಪತ್ತರ ದಶಕದ ಆರಂಭ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿ ಕಪ್ಪು ಗೆದ್ದು ತರುತ್ತಿದ್ದ ನಾನು, ರಜೆ ಬಂದರೆ ಗೆಳೆಯನೊಬ್ಬನ ಜೊತೆ ಸೈಕಲ್ಲಿನಲ್ಲಿ ಕೆರೆಗಳನ್ನು ಸುತ್ತುತ್ತ ಹಕ್ಕಿ ನೋಡುತ್ತಿದ್ದೆ. ದುರ್ಬೀನು ಅವನದು, ವಾದ ನನ್ನದು.

ಆ ಮೇ ತಿಂಗಳ ಬೆಳಿಗ್ಗೆ ದೊಡ್ಡಬಳ್ಳಾಪುರ ಬಿಡುವಾಗ ಮೋಡವಿತ್ತು. ಮಧುರೆಯ ಹತ್ತಿರದ ಕೆರೆ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ನೀರು ತೂಬಿನ ಬಳಿಗೆ ಕುಗ್ಗಿತ್ತು. ಅಲ್ಲಿ ನೀರುಕಾಗೆಗಳು ರೆಕ್ಕೆ ಹರಡಿ ಕೂತಿದ್ದವು. ಉಳಿದಿದ್ದೆಲ್ಲ ಬಿರುಕುಬಿಟ್ಟ ಮಣ್ಣು. ನಡುವೆ ಒಂದೇ ಒಂದು ಹಸಿರು ತುಂಡು, ಕರ್ಬೂಜದ ಪಾತಿ. ಟಿಟ್ಟಿಭ ಹಕ್ಕಿಯ ಜೋಡಿಯೊಂದು ಅದರ ಮೇಲೆ ಕಿರುಚುತ್ತ ಹಾರಾಡುತ್ತಿತ್ತು. ಏರಿಯಿಂದ ಕೆಳಗಿಳಿದೆವು.

“ಆ ಕಡೆ ಕಾಲಿಡ್ಬ್ಯಾಡ್ರಪ್ಪ, ಮೊಟ್ಟೆ ಅವೆ,” ಎಂದಳು ಬಿಂದಿಗೆ ಹೊತ್ತು ಬಂದ ಹೆಂಗಸು. ಪಾತಿಯ ನಡುವೆ ಒಂದಿಷ್ಟು ನೆಲವನ್ನು ಅಗೆಯದೆ, ನೀರು ಹಾಯಿಸದೆ ಬಿಟ್ಟಿದ್ದಳು. ಅದರಲ್ಲಿ ಮಣ್ಣಿನದೇ ಬಣ್ಣದ ಮೊಟ್ಟೆಗಳು.

ಗಂಡ ಸತ್ತ ಮೇಲೆ ಭಾವನ ಮನೆಯಲ್ಲಿದ್ದವಳು, ಈಗ ಏರಿಯ ಕೊನೆಯಲ್ಲಿ ಗುಡಿಸಲು ಹಾಕಿಕೊಂಡು ಬೇರೆಯಾಗಿದ್ದಳು. ಪಾತಿಯನ್ನು ಕೆರೆ ನುಂಗುತ್ತದೆ, ಬೇಡ ಎಂದು ಭಾವ ಹೇಳಿದ್ದನಂತೆ.

“ಈ ಕಾಯಿ ಕೈಗೆ ಬಂದ್ರೆ ನನ್ನ ಒಲೆ ನಂದು. ಇಲ್ಲಾಂದ್ರೆ ಮತ್ತೆ ಭಾವನ ಮನೆ ಮುಸುರೆ.”

“ಮಳೆ ಬಂದ್ರೆ?” ಎಂದೆ.

“ಬರಾಕಿಲ್ಲ. ತೇನೆಹಕ್ಕಿ ಕೆರೆ ಅಂಗಳದಾಗೆ ಮೊಟ್ಟೆ ಇಕ್ಕದೆ ನೋಡು. ಮರಿ ಎದ್ದು ಓಡಾಡೋಗಂಟ ಮಳೆ ಇಲ್ಲ.”

ಊರವರು ಟಿಟ್ಟಿಭಕ್ಕೆ ತೇನೆಹಕ್ಕಿ ಅನ್ನುತ್ತಾರೆ. ನನ್ನ ನಾಲಿಗೆ ಸುಮ್ಮನಿರಲಿಲ್ಲ.

“ಅಕ್ಕ, ಅದಕ್ಕೆ ಬೇಕಾಗಿರೋದು ಬಯಲು ನೆಲ. ಮಳೆ ಸಮಾಚಾರ ಅದಕ್ಕೇನು ಗೊತ್ತು? ಉಳಿದ ಮೊಟ್ಟೆ ನೋಡಿ ನಂಬ್ತೀರ, ಕೊಚ್ಕೊಂಡು ಹೋದದ್ದು ಯಾರಿಗೂ ಕಾಣಲ್ಲ, ಅಷ್ಟೇ.”

“ಹೋದ್ವರ್ಷ ಏರಿ ಮ್ಯಾಲೆ ಇಕ್ಕಿತ್ತು. ಕೆರೆ ಕೋಡಿ ಬಿತ್ತಲ್ಲ?”

“ಒಂದು ಸಲ ಆಗಿದ್ದು ಸಾಕ್ಷಿ ಆಗುತ್ತಾ?”

“ನೀನೆಷ್ಟು ಸಲ ಮೊಟ್ಟೆ ಇಕ್ಕಿದ್ದೀಯಪ್ಪ?”

ಗೆಳೆಯ ಬಿದ್ದು ಬಿದ್ದು ನಕ್ಕ. “ಬಿಡ್ಲಾ ಗುರು, ಇಲ್ಲಿ ಕಪ್ಪು ಕೊಡೋರಿಲ್ಲ.”

“ಬಲಿತಿರೋದನ್ನಾದ್ರೂ ಇವತ್ತೇ ಕಿತ್ಕೊಳ್ಳಿ,” ಎಂದೆ.

ಅವಳು ಒಂದು ಕಾಯಿಯನ್ನು ಬಗ್ಗಿ ಮೂಸಿದಳು. “ಇನ್ನೂ ಘಮ ಕಟ್ಟಿಲ್ಲ. ಈಗ ಕಿತ್ರೆ ದನಾನೂ ಮೂಸಾಕಿಲ್ಲ.”

ಮುಂದಿನ ಕೆರೆಯಲ್ಲಿ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳನ್ನು ನೋಡುತ್ತಿದ್ದಾಗ ಗಾಳಿ ತಿರುಗಿತು. ನಂದಿಬೆಟ್ಟದ ದಿಕ್ಕು ಕಪ್ಪಾಗಿ, ಬೆಟ್ಟವೇ ಕಾಣದಾಯಿತು. ಆಲಿಕಲ್ಲು ಬಿದ್ದವು, ಹಿಂದೆಯೇ ಮಳೆ. ರಸ್ತೆ ಬದಿಯ ಮಂಟಪದಲ್ಲಿ ನಿಂತೆವು. ನಡುವೆ ಬಿಸಿಲು ಬಂತು, ಹೋಯಿತು, ಮತ್ತೆ ಸುರಿಯಿತು.

“ನೀನೇ ಗೆದ್ದೆ ಬಿಡಪ್ಪ,” ಎಂದ ಗೆಳೆಯ, ನನ್ನ ಮುಖ ನೋಡದೆ.

ವಾಪಸು ಬರುವಾಗ ಕೆರೆಗೆ ಸೇರುವ ಕಾಲುವೆ ಕೆಂಪಗೆ ಮೊರೆಯುತ್ತಿತ್ತು. ಪಾತಿ ಇದ್ದ ಕಡೆ ನೀರು. ಅವಳು ಮೊಣಕಾಲುದ್ದ ಕೆಸರಿನಲ್ಲಿ ತಡಕಾಡಿ ಕಾಯಿಗಳನ್ನು ಮಡಿಲಿಗೆ ತುಂಬುತ್ತಿದ್ದಳು. ನಾವೂ ಇಳಿದೆವು. ಕೈಗೆ ಸಿಕ್ಕ ಕಾಯಿಗಳೆಲ್ಲ ಆಲಿಕಲ್ಲಿನ ಏಟಿಗೆ ಒಡೆದಿದ್ದವು. ಟಿಟ್ಟಿಭಗಳು ತಲೆಯ ಮೇಲೆಯೇ ಕಿರುಚುತ್ತಿದ್ದವು.

“ಅದುಕ್ಕೂ ಗೊತ್ತಾಗಿಲ್ಲ ನೋಡು, ಪಾಪ,” ಎಂದಳು.

ಏರಿಯ ಮೇಲೆ ಭಾವ ಕೊಡೆ ಹಿಡಿದು ನಿಂತಿದ್ದ. ಕೆಳಗಿಳಿಯಲಿಲ್ಲ, ಬೈಯಲೂ ಇಲ್ಲ.

“ಬಾರಮ್ಮ. ಹೊತ್ತಾಯ್ತು. ಮನೇಲಿ ಒಲೆ ಹಚ್ಚೋರಿಲ್ಲ.”

ಹಕ್ಕಿಯ ಮೇಲಿನ ನಂಬಿಕೆ ಪೊಳ್ಳು ಎಂದು ಇಂದಿಗೂ ವಾದಿಸುತ್ತೇನೆ. ಅಂದಮಾತ್ರಕ್ಕೆ ಭಾವನ ಮಾತು ಸರಿಯಿತ್ತು ಎಂದು ಒಪ್ಪುವವನಲ್ಲ. ಅವನ ಕೈಯಲ್ಲೂ ಪುರಾವೆ ಇರಲಿಲ್ಲ, ಮನೆಯಿತ್ತು.

ಅವಳು ಏರಿ ಹತ್ತಿ, ಮಡಿಲಲ್ಲಿದ್ದುದನ್ನು ಅಲ್ಲೇ ಸುರಿದು, ಸೆರಗು ಹಿಂಡಿಕೊಂಡು ಅವನ ಹಿಂದೆ ನಡೆದಳು. ಗುಡಿಸಲ ಕಡೆ ತಿರುಗಿಯೂ ನೋಡಲಿಲ್ಲ.