ಢಗವೋ ಧಗೆಯೋ

ಕಳೆದ ವಾರ ಮಗಳ ಕೋಣೆಯ ಬಾಗಿಲನ್ನು ಎಷ್ಟು ಸಲ ತಟ್ಟಿದೆ ಎಂದು ನನ್ನನ್ನು ಕೇಳಬೇಡಿ. ಆಕೆಯನ್ನೇ ಕೇಳಿ.

ಭಾಗ್ಯಾ ಒಂಬತ್ತನೇ ಕ್ಲಾಸು. ಗಡಿಯಾಚೆಯ ಊರು ನಮ್ಮದು, ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ ಗಡಹಿಂಗ್ಲಜದ ಕನ್ನಡ ಭಾಷಣ ಸ್ಪರ್ಧೆಗೆ ತಾನಾಗಿಯೇ ಹೆಸರು ಕೊಟ್ಟಿದ್ದಳು. ವಿಷಯ, ನಕ್ಷತ್ರ ಹುಟ್ಟುವ ಬಗೆ. ಮೊದಲ ಸಲ ಸ್ಟೇಜು ಹತ್ತುವವಳು. ಎಡವಿದರೆ ಮತ್ತೆ ಹತ್ತುತ್ತಾಳೆಯೇ? ಹೋಗಿ ಬಾಗಿಲು ತಟ್ಟಿದೆ.

"ಬರದ್ಯೇನವಾ?"

"ವಿಚಾರ ಮಾಡಾಕತ್ತೇನಿ ಅಪ್ಪಾ. ಸ್ವಲ್ಪ ತಡಿ."

ತಡೆಯುವುದೇ? ನಾನು ಮಗ್ಗಗಳ ಊರು ಇಚಲಕರಂಜಿಯವನು. ಪವರ್‌ಲೂಮಿನ ಸದ್ದು ನಿಂತರೆ ಏನೋ ಕೆಟ್ಟಿದೆ ಎಂದೇ ತಿಳಿದು ಬೆಳೆದವನು (ಪಕ್ಕದ ಶೆಡ್ಡು ಈಗಲೂ ಖಟಖಟ ಎನ್ನುತ್ತಿದೆ). ಒಳಗೆ ಆಕೆ ಮರಾಠಿ ಪುಸ್ತಕವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ನಾನು ಬಾಗಿಲಾಚೆ ಕೂತು, ಕಿವಿಗೆ ಬಿದ್ದಷ್ಟನ್ನು ಕನ್ನಡಕ್ಕಿಳಿಸಿ, ಇಡೀ ಭಾಷಣ ಬರೆದುಬಿಟ್ಟೆ. ಸ್ಪರ್ಧೆಯ ಬೆಳಿಗ್ಗೆ ಬಸ್ಸು ಹತ್ತುವಾಗ ಕೈಗಿಟ್ಟು, "ಇದನ್ನ ಓದು, ಸಾಕು" ಎಂದೆ.

ಸ್ಟೇಜಿನ ಮೇಲೆ ಓದಿದಳು. "ನಕ್ಷತ್ರಗಳು ಹುಟ್ಟುವುದು ಭಯಂಕರ ಧಗೆಯಲ್ಲಿ..." ಅಲ್ಲಿಗೇ ನಿಂತಳು. ಆಕೆ ನಿಧಾನಕ್ಕೆ ಕಾಗದ ಮಡಚಿದಳು.

"ಇದು ತಪ್ಪೈತ್ರಿ. ಪುಸ್ತಕದಾಗ ಇರೋದು ಮರಾಠಿ ಢಗ, ಅಂದ್ರ ಮೋಡ. ನಮ್ಮಪ್ಪಗ ಧಗಿ ಅಂತ ಕೇಳಿಸೇತಿ. ಆ ಧೂಳಿ-ಅನಿಲದ ಮೋಡ ಭಾಳ ಥಂಡಿ ಇರತೈತ್ರಿ. ಬಿಸಿ ಇದ್ರ ಅದರಾಗಿನ ಕಣ ಸುಮ್ನ ನಿಲ್ಲಂಗಿಲ್ಲ, ಓಡಾಡ್ತಾವ, ಒಂದಕ್ಕೊಂದು ಕೂಡಂಗಿಲ್ಲ. ಥಂಡಿ ಇದ್ರ ತಮ್ಮ ಭಾರಕ್ಕ ತಾವ ಒಳಗ ಕುಸೀತಾವ. ನಡುವ ಒತ್ತಿ ಒತ್ತಿ ಬಿಸಿ ಆಗೋದು ಆಮ್ಯಾಲ. ಲಕ್ಷಾಂತರ ವರ್ಷ ಹಿಡೀತೈತಿ. ಹೊರಗಿಂದ ನೋಡಿದ್ರ ಬರೇ ಕತ್ತಲಿ ಕಾಣತೈತ್ರಿ."

ಸಭೆ ನಕ್ಕಿತು, ಚಪ್ಪಾಳೆಯನ್ನೂ ತಟ್ಟಿತು. (ಢಗ ಎಂದರೆ ಮೋಡ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿದೆ ಸ್ವಾಮಿ. ಅವಸರದ ಕಿವಿಗೆ ಗೊತ್ತಿರಲಿಲ್ಲ.) ಟೈಮ್ ಮೀರಿತೆಂದು ಬಹುಮಾನ ಬರಲಿಲ್ಲ. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ವಾಪಸು ಬರುವಾಗ ಬಸ್ಸು ಕಾಗಲ ಊರು ದಾಟಿತು. ಕೊನೆಗೆ ನಾನೇ ಕೇಳಿದೆ. "ಸಿಟ್ಟಾಗೀಯೇನವಾ?"

"ಇಲ್ಲಪಾ. ನೀ ಒಂಚೂರು ಥಂಡಾ ಆಗು. ಮುಂದಿನ ಸಲದ್ದು ನಾನ ಬರೀತೇನಿ."

ಮುಂದಿನ ಸಲ! ಆ ಎರಡು ಶಬ್ದ ಕೇಳಿ ಕಣ್ಣು ತುಂಬಿತು, ಕಿಟಕಿಯ ಕಡೆ ತಿರುಗಿದೆ.

ಈಗ ಒಳಗೆ ಬರೆಯುತ್ತಿದ್ದಾಳೆ. ಬಾಗಿಲು ಮುಚ್ಚಿದೆ. ಒಳಗಿಂದ ಸದ್ದಿಲ್ಲ. ನಾನು ತಣ್ಣಗೆ ಹೊರಗೆ ಕೂತಿದ್ದೇನೆ. ಆಗಲೇ ಹತ್ತು ನಿಮಿಷವಾಯಿತು.

ನೀವೇ ಹೇಳಿ, ಒಂದೇ ಒಂದು ಸಲ ತಟ್ಟಲೇ?